ಕಪ್ಪು ಕಾಗದ ಸುತ್ತಿದ ಸೀಸೆ

ಪ್ರೀತಿಯ ಮಾವ,

ತಿಂಗಳ ಕೊನೆಗೆ ನಿನಗೆ ನಿವೃತ್ತಿ. "ಬೀಳ್ಕೊಡುಗೆಗೆ ನಾಲ್ಕು ಮಾತು ಬರೆದುಕೊಡು, ಸಾಹಿತ್ಯ ಓದಿದವಳು ನೀನೊಬ್ಬಳೇ" ಎಂದು ಅಮ್ಮ ಕೂರಿಸಿದ್ದಾಳೆ. ಎಷ್ಟು ಸಲ ಬರೆದರೂ ಭಾಷಣದ ಬದಲು ಈ ಪತ್ರವೇ ಬರುತ್ತಿದೆ. ಎದುರು ನಿಂತು ಹೇಳುವ ಧೈರ್ಯ ನನಗೆಲ್ಲಿದೆ?

ಕಾಲೇಜಿನಲ್ಲಿ ನಿನ್ನ ಜೀವಶಾಸ್ತ್ರದ ತರಗತಿಯಲ್ಲಿ ಕೂತ ಆ ಒಂದು ವರ್ಷ ನನಗೆ ಮತ್ತೆ ಬೇಕು ಅನ್ನಿಸುತ್ತದೆ. ಬಾಯಿತಪ್ಪಿ "ಮಾವ" ಎಂದಾಗ ತರಗತಿಯೆಲ್ಲ ಗೊಳ್ಳೆಂದಿತ್ತು. "ಇವತ್ತಿಂದ ನಾನು ಎಲ್ರಿಗೂ ಮಾವಾನೇ. ಮಾರ್ಕ್ಸ್ ಮಾತ್ರ ಯಾರಿಗೂ ಜಾಸ್ತಿ ಸಿಗಲ್ಲ" ಎಂದು ನನ್ನ ಮಾನ ಉಳಿಸಿದೆ. ಸಂಜೆ ಪ್ರಯೋಗಾಲಯದಲ್ಲಿ, ಸುತ್ತುದಾರಿಯ ಪೆಟ್ಟಿಗೆಯಲ್ಲಿ ದಾರಿ ಕಲಿತ ಇಲಿಯ ಮಿದುಳಿನ ಚೂರುಗಳನ್ನು ನೀನು ಬಣ್ಣದ ದ್ರಾವಣದಲ್ಲಿ ಮುಳುಗಿಸಿ, ಸೀಸೆಗೆ ಕಪ್ಪು ಕಾಗದ ಸುತ್ತಿ, ಎರಡು ವಾರ ಕಪಾಟಿನಲ್ಲಿಡುತ್ತಿದ್ದೆ. ಕಲಿತದ್ದಕ್ಕೆ ನರಕೋಶ ಹೊಸ ಕವಲೊಡೆದಿದೆಯೇ ಎಂದು ಹುಡುಕುವುದು ನಿನ್ನ ಬದುಕಿನ ಕೆಲಸ. ನೂರರಲ್ಲಿ ಒಂದೆರಡು ಕೋಶ ಮಾತ್ರ ಬಣ್ಣ ಹಿಡಿಯುತ್ತದೆ ಎನ್ನುತ್ತಿದ್ದೆ. "ಎಲ್ಲಾ ಹಿಡಿದಿದ್ರೆ ಬರೀ ಮಸಿ ಕಾಣ್ತಿತ್ತು ಕಣೇ."

ಕೊನೆಯ ಸಲ ಕಂಡದ್ದು ಬರೀ ಮಸಿಯೇ. ಮೂರು ತಿಂಗಳ ಪ್ರಯೋಗ ಹಾಳಾಯಿತು. ದಾಖಲೆ ಪುಸ್ತಕದಲ್ಲಿ ನೀನು "ನನ್ನ ಕೈತಪ್ಪು" ಎಂದು ಬರೆದೆ. "ಸರ್‌ಗೆ ಕೈ ನಡುಗೋಕೆ ಶುರುವಾಗಿದೆ, ಪಾಪ" ಎಂದು ಅಟೆಂಡರ್ ಯಾರಿಗೋ ಹೇಳಿದ್ದು ಕೇಳಿಸಿಕೊಂಡು, ಬಲಗೈಯನ್ನು ಕೋಟಿನ ಜೇಬಿಗಿಳಿಸಿದೆ. ಆಮೇಲೆ ನೀನು ಸೀಸೆ ಮುಟ್ಟಲೇ ಇಲ್ಲ. ಆರು ವರ್ಷ ಬರೀ ಪಾಠ ಮಾಡಿದೆ.

ಮಾವ, ನಿನ್ನ ಕೈ ತಪ್ಪಿರಲಿಲ್ಲ. ನೀನು ಪಾಠಕ್ಕೆ ಹೋದಾಗಲೆಲ್ಲ ನಾನೇ ಕಾಗದ ಬಿಚ್ಚಿ, ಸೀಸೆಯನ್ನು ಕಿಟಕಿಯ ಬಿಸಿಲಿಗೆ ಹಿಡಿಯುತ್ತಿದ್ದೆ. ಬೆಳಕು ತಾಕಬಾರದೆಂದು ಗೊತ್ತಿತ್ತು. ಕೋಶದ ಕವಲು ಬಣ್ಣ ಹಿಡಿಯುವುದನ್ನು ಎಲ್ಲರಿಗಿಂತ ಮೊದಲು ನೋಡುವ ಆಸೆಗೆ, ಒಂದು ಗಳಿಗೆ ನೋಡಿದರೇನು ಅಂದುಕೊಂಡೆ. ಮರುವರ್ಷ ಸಾಹಿತ್ಯಕ್ಕೆ ಓಡಿಹೋದೆ. "ಅವಳಿಗೆ ನನ್ನ ಪಾಠ ಬೋರಾಯ್ತೇನೋ ಅಕ್ಕಾ" ಎಂದೆಯಂತೆ. ಅಲ್ಲ ಮಾವ. ಜೇಬಿನೊಳಗಿನ ಆ ಕೈಯನ್ನು ನೋಡಲಾಗದೆ ಬಿಟ್ಟುಹೋದೆ.

ಇನ್ನು ಇಪ್ಪತ್ತು ದಿನವಿದೆ. ಬಣ್ಣ ಹಿಡಿಯಲು ಎರಡು ವಾರ ಸಾಕು. ನಾಳೆ ಬರುತ್ತೇನೆ, ಎಷ್ಟು ಬೇಕಾದರೂ ಬೈಯಿ. ಬೈದು ಮುಗಿದ ಮೇಲೆ ಇನ್ನೊಂದೇ ಒಂದು ಸಲ, ನಿನ್ನ ಕೈಯಾರೆ, ಒಂದು ಚೂರು ಮುಳುಗಿಸು. ಕಪಾಟಿನ ಬೀಗದ ಕೈ ನಿನ್ನ ಹತ್ತಿರವೇ ಇರಲಿ.

ಚಿಕ್ಕವಳು ಹರಸಬಾರದೇನೋ. ಆದರೂ ಆ ಕೈಗಳು ನೂರು ವರ್ಷ ಬಾಳಲಿ.

ನಿನ್ನ ಅಕ್ಕನ ಮಗಳು