ಅಕ್ಕನ ಮೇಲ್ ಸರ್ವರ್ ಸುಟ್ಟಾಗ

ಅಕ್ಕಾ, ನನ್ನ ಗಿರಿಜಕ್ಕಾ,

ನಮ್ಮ ನೇಕಾರ ಹೆಣ್ಣುಮಕ್ಕಳ ಸಂಘಕ್ಕೆ ನೀನು ನಮ್ಮದೇ ಅಂಚೆಮನೆಯಂಥ ಮೇಲ್ ಸರ್ವರ್ ಕಟ್ಟಿದ ದಿನ ನೆನಪಾಗುತ್ತದೆ. ಇಳಕಲ್ಲಿನ ಮನೆಯಲ್ಲಿ, ಮಗ್ಗದ ಸದ್ದಿನ ನಡುವೆ, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ತಂತ್ರಾಂಶ ಹಾಕುತ್ತ ಕೂತಿದ್ದೆ ನೀನು. "ಪುಕ್ಕಟೆ ಮೇಲ್ ಇರುವಾಗ ಇದೆಲ್ಲ ಯಾಕ?" ಎಂದು ನಾನು ಕೇಳಿದೆ. "ಹ್ವಾದ ಸಲ ಖಾತೆ ಬಂದ್ ಆದಾಗ ಯಾರ ಮುಂದ ಅತ್ತೀವಿ, ಶೈಲಾ? ಚಾವಿ ನಮ್ಮ ಕೈಯಾಗ ಇರ್ಬೇಕು," ಅಂದೆ ನೀನು. ಚಾವಿ ನಿನ್ನ ಜೊತೆಗೇ ಹೋಯಿತಲ್ಲ. ಡೆಂಗಿ ಜ್ವರವೆಂದು ಬಾಗಲಕೋಟೆಯ ದವಾಖಾನೆ ಸೇರಿದವಳು, ಒಂದು ಪಾಸ್‌ವರ್ಡ್ ಹೇಳುವಷ್ಟಾದರೂ ಉಳಿಯಬಾರದಿತ್ತೇ?

ಮೊನ್ನೆ ಸಿಡಿಲು ಬಡಿದು ಆ ಕಂಪ್ಯೂಟರೂ ಸುಟ್ಟಿತು. ಸೀರೆಯ ಆರ್ಡರೆಲ್ಲ ಬರುವುದು ಅದರಲ್ಲೇ ತಾನೇ? ಸಂಘಕ್ಕೆ ಸೀರೆ ನೇಯುವ ನೀಲವ್ವ ಬಂದು ಬಾಗಿಲಲ್ಲಿ ನಿಂತಳು. "ಮೇಲ್ ಮುಟ್ಟವಲ್ಲವಂತ. ನಾ ಮತ್ತ ಪಾವರ್‌ಲೂಮಿಗೆ ಕೂಲಿ ಹೋಗ್ಲೇನವ್ವಾ?"

ಅಷ್ಟರಲ್ಲಿ ನಮ್ಮ ಡೊಮೇನ್ ಹೆಸರಿನ ಅವಧಿಯೂ ಮುಗಿಯಲು ಬಂದಿತ್ತು. ಅದು ಹೋದರೆ ಸಂಘದ ವಿಳಾಸವೇ ಹೋದಂತೆ. ಅವಧಿ ಮುಂದುವರಿಸಲು ಆ ಹೆಸರು ಕೊಟ್ಟ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ.

"ನೋಂದಾಯಿತ ಇಮೇಲ್‌ಗೆ ಕೋಡ್ ಕಳಿಸಿದ್ದೇವೆ, ಮೇಡಂ."

"ಅದು ನಮ್ಮಕ್ಕಂದು ರೀ. ಅಕಿ ತೀರಿಕೊಂಡಾಳ. ಸರ್ವರೂ ಸುಟ್ಟೈತಿ."

"ಹಾಗಾದರೆ ಅವರಿಗೇ ಫೋನ್ ಕೊಡಿ, ಮೇಡಂ."

ಯಾರಿಗೆ ಕೊಡಲಿ, ಅಕ್ಕಾ?

ಉಳಿದದ್ದು ಒಂದೇ ದಾರಿ. ಹೊಸ ಸರ್ವರ್ ಕಟ್ಟಬೇಕು, ಅದರಲ್ಲಿ ನಿನ್ನ ಹೆಸರಿನ ಮೇಲ್ ಪೆಟ್ಟಿಗೆ ತೆರೆದು ಆ ಕೋಡ್ ಹಿಡಿಯಬೇಕು. ಬಾಗಲಕೋಟೆಯಿಂದ ಬಳಸಿದ ಕಂಪ್ಯೂಟರೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಲಿನಕ್ಸ್ ಹಾಕಿದೆ. ಮೇಲ್ ಇಳಿಸಿಕೊಳ್ಳುವ ತಂತ್ರಾಂಶ, ಬ್ರೌಸರಿನಲ್ಲಿ ಓದುವ ವೆಬ್‌ಮೇಲ್, ನೀನು ಮಾಡುತ್ತಿದ್ದುದನ್ನು ನೆನೆನೆನೆದು ಒಂದೊಂದನ್ನೇ ಕೂರಿಸಿದೆ. ಬಳಕೆದಾರರ ಹೆಸರು ಕೇಳಿತು. "ಗಿರಿಜಾ" ಎಂದು ಟೈಪ್ ಮಾಡಿ, ಹೊಸ ಪಾಸ್‌ವರ್ಡ್ ಕೊಟ್ಟೆ.

ವೆಬ್‌ಮೇಲ್ ತೆರೆಯಿತು. ಪೆಟ್ಟಿಗೆ ಖಾಲಿ! ಮೊಬೈಲಿನಿಂದ ನಿನಗೆ "ಅಕ್ಕಾ" ಎಂದಷ್ಟೇ ಬರೆದು ಕಳಿಸಿದೆ. ಬರಲಿಲ್ಲ. ಮತ್ತೆ ಕಳಿಸಿದೆ. ಇಲ್ಲ. "ಉಣ್ಣಾಕ ಬಾರ, ರೊಟ್ಟಿ ಆರಾಕ್ಹತ್ಯಾವ," ಎಂದ ಅವ್ವನ ಮೇಲೆ ಚೀರಿದೆ. ಅವ್ವ ಬಂದು ನನ್ನ ತಲೆ ಸವರಿದಳು. ಹೇಗೆ ತಡೆದುಕೊಳ್ಳಲಿ?

ಆಮೇಲೆ ಹೊಳೆಯಿತು. ಮನೆಗೆ ಇಂಟರ್ನೆಟ್ ತರುವ ರೌಟರ್ ಇನ್ನೂ ಸುಟ್ಟ ಕಂಪ್ಯೂಟರಿನ ಕಡೆಗೇ ಮೇಲ್ ದಬ್ಬುತ್ತಿತ್ತು. ಹೊಸದರ ದಾರಿ ಹಾಕಿಕೊಟ್ಟೆ. ಹೊರಗೆ ಕಾಯುತ್ತಿದ್ದ ಮೇಲ್‌ಗಳೆಲ್ಲ ತಡವಾಗಿಯಾದರೂ ಒಂದೊಂದೇ ಬರತೊಡಗಿದವು. ಆರ್ಡರುಗಳು, ನನ್ನ "ಅಕ್ಕಾ"ಗಳು. ಕೋಡನ್ನು ಇನ್ನೊಮ್ಮೆ ತರಿಸಿಕೊಂಡೆ. ಸಂಘದ ಹೆಸರು ಉಳಿಯಿತು. ನೀಲವ್ವನಿಗೂ ಕೆಲಸ ಬಂತು.

ಅಕ್ಕಾ, ಅವುಗಳಲ್ಲಿ ನಿನ್ನ ಹೆಸರಿಗೇ ಬಂದ ಮೇಲ್ ಒಂದಿದೆ. ಕಲಾದಗಿಯಲ್ಲಿ ಉಪ್ಪಿನಕಾಯಿ ಹಾಕುವ ಹೆಣ್ಣುಮಕ್ಕಳು ಬರೆದದ್ದು. "ನಮಗೂ ನಿಮ್ಮಂಥಾ ಮೇಲ್ ಸರ್ವರ್ ಕಟ್ಟೂದು ಕಲಿಸ್ತೇನಿ ಅಂದಿದ್ರಿ. ಯಾವಾಗ ಬರ್ತೀರಿ ಅಕ್ಕಾರ?"

ನೀನಿಲ್ಲವೆಂದು ಅವರಿಗೆ ಯಾರೂ ಹೇಳಿಲ್ಲ. ನನಗೆ ಗೊತ್ತಿರುವುದು ಅರ್ಧ. ನಾವು ಕಳಿಸುವ ಮೇಲ್ ಇವತ್ತಿಗೂ ಎಷ್ಟೋ ಕಡೆ ಸ್ಪ್ಯಾಮಿನ ಕಸದ ಬುಟ್ಟಿಗೆ ಬೀಳುತ್ತದೆ, ಯಾಕೆಂದು ಕೇಳಲು ನೀನಿಲ್ಲ. ಆದರೂ ನಿನ್ನ ಪೆಟ್ಟಿಗೆಯಿಂದಲೇ ಉತ್ತರ ಬರೆದೆ: "ಅಕ್ಕ ತೀರಿಕೊಂಡಾಳ್ರಿ. ಸೋಮವಾರ ನಾ ಬರ್ತೇನಿ."

ನಿನ್ನ ತಂಗಿ,
ಶೈಲಾ