ಹೊಳೆ ದಾರಿಯ ದೊಡ್ಡವರು

ಅಣ್ಣಾ,

ನಾನು ಫಾರೆಸ್ಟ್ ವಾಚರ್ ಮಾದನ್ ಜೊತೆ ಜೀಪಿನಲ್ಲಿ ಪೆರಿಕಲ್ಲೂರಿನ ಹೊಳೆ ದಾರಿಗೆ ಹೋಗಿದ್ದೇನೆ. ನೀನು ಹಿಂದೆಯೇ ಓಡಿ ಬರಬೇಡ, ಫೋನಿನ ಹತ್ತಿರವೇ ಕೂತಿರು.

ನಮ್ಮ ಹೋಂಸ್ಟೇಯಲ್ಲಿ ಉಳಿದಿದ್ದ ಮೈಸೂರಿನ ಗಂಡ ಹೆಂಡತಿ ಸೈಕಲ್ ಹತ್ತಿ ಆ ಕಡೆಗೇ ಹೋದರು. ಅಲ್ಲಿ ಹಸಿ ಲದ್ದಿ ಬಿದ್ದಿದೆ ಎಂದು ಮಾದನ್ ಹೇಳಿದ್ದ. ಅದಕ್ಕೇ ಗೇಟಿನಲ್ಲಿ ತಡೆದು, "ಆ ದಾರೀಲಿ ದೊಡ್ಡೋರು ನಿಂತವ್ರೆ" ಎಂದೆ. ಕಾಡಂಚಿನಲ್ಲಿ ಹೆಸರು ಎತ್ತಬಾರದೆಂದು ಅವ್ವ ಕಲಿಸಿದ್ದೇ ಬಾಯಿಗೆ ಬಂತು. ಆ ಹುಡುಗಿ ನಗುತ್ತಾ, "ಒಳ್ಳೇದೇ ಆಯ್ತಕ್ಕ, ಅವ್ರನ್ನೇ ದಾರಿ ಕೇಳ್ತೀವಿ" ಎಂದು ಹೊರಟೇಬಿಟ್ಟಳು. ಊರ ಹಿರಿಯರು ಎಂದುಕೊಂಡಳೆಂದು ನನಗೆ ಹೊಳೆಯುವಷ್ಟರಲ್ಲಿ ಸೈಕಲ್ ಎರಡೂ ತಿರುವು ದಾಟಿದ್ದವು.

ವಂಡಿ ಗಾಡಿಗಳ ಕಾಟ ಇಲ್ಲದ ದಾರಿ ಎಂದು ಬೋರ್ಡ್ ಬರೆಸಿದೆಯಲ್ಲ, ಯಾರ ಕಾಟ ಇದೆ ಎಂದೂ ಬರೆಸಬಾರದಿತ್ತೇ?

ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ, ನೋಡು. ಅವಸರದಲ್ಲಿ ಗೀಚಿದ್ದೇನೆ, ಹೇಗೋ ಓದಿಕೋ.

ಅವರ ನಂಬರಿಗೆ ಕರೆ ಹೋಗುತ್ತಿಲ್ಲ. ಬಿಡದೆ ಮಾಡುತ್ತಲೇ ಇರು. ಸಿಕ್ಕರೆ ಮರ್ಯಾದೆಯ ಮಾತು ಬೇಡ. ಆನೆ ಅನ್ನು. ಹೆಸರು ಹಿಡಿದೇ ಹೇಳು.

ಮಾದೇವಿ