ಹನ್ನೊಂದನೆಯ ನಾಣ್ಯ

ಮಳವಳ್ಳಿ
12-8-1976, ಗುರುವಾರ

ಚಿ. ಸೌ. ಚೂಡಾಮಣಿಗೆ ಕಸ್ತೂರಿರಂಗನ ಆಶೀರ್ವಾದಗಳು.

ಉಭಯ ಕುಶಲೋಪರಿ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ನೀನೂ ಮಗುವೂ ಅಲ್ಲಿ ಚೆನ್ನಾಗಿದ್ದರೆ ಅದು ಅರ್ಧ ಕುಶಲ. ಇಲ್ಲಿನ ಅರ್ಧದ ಸುದ್ದಿ ಬರೆಯಲೆಂದೇ ಕೂತಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರಿಸಲಿಲ್ಲ, ಕ್ಷಮಿಸು. ಬಾಣಂತಿಗೆ ಹೆದರಿಕೆಯ ಸುದ್ದಿ ಬೇಡವೆಂದು ತಡೆದಿದ್ದೆ. ಇನ್ನು ತಡೆಯುವ ಹಾಗಿಲ್ಲ. ಇದನ್ನು ಅಂಚೆಗೆ ಹಾಕದೆ ಮದ್ದೂರು ಬಸ್ಸಿನ ಕಂಡಕ್ಟರ್ ಕೆಂಪಸಿದ್ದಯ್ಯನ ಕೈಲಿ ಕೊಡುತ್ತೇನೆ. ಈಗಿನ ಕಾಲದಲ್ಲಿ ಯಾರ ಕಾಗದವನ್ನು ಯಾರು ಒಡೆದು ಓದುತ್ತಾರೋ ತಿಳಿಯದು.

ನಾಮಕರಣದ ದಿನ ಕಟ್ಟಿದ ಉಡುದಾರ ಆಗಲೇ ಬಿಗಿಯಾಯಿತೆಂದು ನೀನು ಬರೆದಿದ್ದೆ. ಅಂದರೆ ಮಗು ಮೈ ತುಂಬಿಕೊಳ್ಳುತ್ತಿದೆ. ಎಲ್ಲಾ ಅತ್ತೆಯವರ ಎಣ್ಣೆನೀರಿನ ಪ್ರತಾಪ. ಆದರೆ ಉಡುದಾರದ ಆ ಬೆಳ್ಳಿ ಕಾಸನ್ನು ಅವರು ಹುಣಸೆಹಣ್ಣು ಹಾಕಿ ಉಜ್ಜದಂತೆ ನೋಡಿಕೋ. ನಮ್ಮ ಅಜ್ಜಿಯ ಕಾಲದ್ದೆಂದು ಹೇಳಿದ್ದೆನಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಿರುಗಾವಲಿನ ಮಾದಯ್ಯ ನಿನಗೆ ಗೊತ್ತು. ನನ್ನ ತರಗತಿಯ ಪುಟ್ಟಮಾದಮ್ಮನ ಅಪ್ಪ, ಸಂಕ್ರಾಂತಿಗೆ ಕಬ್ಬು ಹೊತ್ತು ತಂದು ಹೊಸಿಲಾಚೆಯೇ ನಿಂತಿದ್ದವನು. ಯುಗಾದಿಗೆ ಮುಂಚೆ, ನೀನು ಮದ್ದೂರಿಗೆ ಹೊರಟ ವಾರ, ಕೊಟ್ಟಿಗೆಯ ಕಂಬಕ್ಕೆ ಗುಂಡಿ ತೋಡುವಾಗ ಅವನಿಗೊಂದು ಮಣ್ಣಿನ ಕುಡಿಕೆ ಸಿಕ್ಕಿತು. ಒಳಗೆ ಹನ್ನೊಂದು ಬೆಳ್ಳಿ ನಾಣ್ಯ. ಒಂದನ್ನು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ನನ್ನ ಹತ್ತಿರ ಬಂದ. ನಾಣ್ಯದ ಮೇಲೆ ಒಬ್ಬ ಗಂಡಸಿನ ತಲೆ, ಸುತ್ತ ರೋಮನ್ ಅಕ್ಷರ, ಕೆನ್ನೆಯ ಮೇಲೆ ಉಳಿಯಿಂದ ಕಡಿದ ಗೆರೆ. ತಲೆ ಕಡಿದ ದುಡ್ಡನ್ನು ಮನೆಯಲ್ಲಿಡಲು ಹೆಂಡತಿ ಹೆದರುತ್ತಾಳೆ, ಇದು ಎಂಥದ್ದು ನೋಡಿ ಹೇಳಿ ಎಂದ.

ಒಂದು ವಾರ ಇಟ್ಟುಕೊಂಡು ನೋಡಿದೆ. ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಒಮ್ಮೆ ಹಾಗೇ, ಒಮ್ಮೆ ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದೆ. ಮೂರೂ ಮುಕ್ಕಾಲು ಗ್ರಾಂ, ನೀರಿಗಿಂತ ಹತ್ತು ಪಟ್ಟು ಭಾರ. ತವರವಾಗಿದ್ದರೆ ಏಳು ಪಟ್ಟು ಬರಬೇಕು. ಭೂತಗನ್ನಡಿ ಹಿಡಿದರೆ ಅಂಚಿನಲ್ಲಿ ಎರಕದ ಗೆರೆ ಇರಲಿಲ್ಲ. ಅಚ್ಚು ಒಂದು ಪಕ್ಕಕ್ಕೆ ಸರಿದು ಬಿದ್ದಿತ್ತು, ಅಂದರೆ ಎರಕ ಹೊಯ್ದದ್ದಲ್ಲ, ಕೈಯಿಂದ ಬಡಿದು ಒತ್ತಿದ್ದು. ಕಡಿದ ಗೆರೆಯ ಒಳಗೂ ಹೊರಗಿನಷ್ಟೇ ಕಪ್ಪು ಕೂತಿತ್ತು, ಮೇಲೆ ಬೆಳ್ಳಿ ಲೇಪಿಸಿದ್ದಾಗಿದ್ದರೆ ಕಾಣಬೇಕಾದ ತಾಮ್ರದ ಕೆಂಪು ಎಲ್ಲೂ ಇರಲಿಲ್ಲ. ಇಷ್ಟಾದರೂ ನಾನು ಹೈಸ್ಕೂಲಿನ ಚರಿತ್ರೆಯ ಮೇಷ್ಟ್ರು, ನಾಣ್ಯದ ಪಂಡಿತನಲ್ಲ.

ಮಾದಯ್ಯ ವಾರ ಬಿಟ್ಟು ಬಂದು ಕೇಳಿದ, "ನೀವೇ ಯೋಳಿ ಮೇಷ್ಟ್ರೇ, ಇದು ನಡೀತದಾ?"

"ನಡೆಯಲ್ಲ ಮಾದಯ್ಯ" ಎಂದೆ.

ಚೂಡಾ, ಆ ಒಂದು ಮಾತು ಈಗ ನನ್ನ ಕುತ್ತಿಗೆಗೆ ಬಂದಿದೆ. ಸಂತೆಯಲ್ಲಿ ಖೋಟಾ ಎಂಟಾಣೆ ಕೊಟ್ಟರೂ ನಡೆಯಲ್ಲ ಅನ್ನುತ್ತಾರೆ, ರಾಜರ ಕಾಲದ ಹಳೇ ದುಡ್ಡು ಕೊಟ್ಟರೂ ನಡೆಯಲ್ಲ ಅನ್ನುತ್ತಾರೆ. ಇದು ಚಲಾವಣೆಯ ದುಡ್ಡಲ್ಲ ಎಂಬ ಅರ್ಥದಲ್ಲಿ ನಾನು ಹೇಳಿದೆ. ಖೋಟಾ ಎಂದು ಅವನು ತಿಳಿದುಕೊಂಡ. ಪೂರ್ತಿ ವ್ಯರ್ಥವಾಗದಿರಲೆಂದು ಹತ್ತು ನಾಣ್ಯವನ್ನು ಮಗಳ ಕಾಲ್ಗೆಜ್ಜೆಗೆಂದು ಅಕ್ಕಸಾಲಿ ಹೊನ್ನಯ್ಯನಿಗೆ ಕೊಟ್ಟ. ಹೊನ್ನಯ್ಯ ಒಂಬತ್ತನ್ನು ಕರಗಿಸಿ, ಒಂದನ್ನು ಎತ್ತಿಟ್ಟುಕೊಂಡು ಮಂಡ್ಯದಲ್ಲಿ ಯಾರಿಗೋ ತೋರಿಸಿದ. ಸುದ್ದಿ ಮೇಲಿನವರೆಗೂ ಹೋಯಿತು.

ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಬಚ್ಚಿಟ್ಟರೆ ಜೈಲು. ಮಂಗಳವಾರ ಮಾದಯ್ಯನನ್ನು ಕರೆದುಕೊಂಡು ಹೋದ ಪೊಲೀಸರು ಇನ್ನೂ ಬಿಟ್ಟಿಲ್ಲ. ಮೇಷ್ಟ್ರು ನಡೆಯಲ್ಲ ಅಂದರು, ಅದಕ್ಕೇ ಕರಗಿಸಿದೆ ಎಂದು ಅವನು ಹೇಳಿದ್ದಾನೆ. ಹನ್ನೊಂದನೆಯ ನಾಣ್ಯ ಎಲ್ಲಿ ಎಂದು ಕೇಳಿದರೆ ಮಾತ್ರ ಬಾಯಿ ಬಿಡುತ್ತಿಲ್ಲವಂತೆ.

ನಿನ್ನೆ ತಾಲೂಕು ಕಚೇರಿಯಿಂದ ನನಗೆ ಚೀಟಿ ಬಂತು. ಶನಿವಾರ ಹನ್ನೊಂದು ಗಂಟೆಗೆ ಅಮಲ್ದಾರರ ಮುಂದೆ ಹೋಗಿ, ಹೊನ್ನಯ್ಯನಿಂದ ವಶಪಡಿಸಿಕೊಂಡ ನಾಣ್ಯವನ್ನು ನೋಡಿ ನಿಜವೋ ಖೋಟಾವೋ ಹೇಳಬೇಕು. ಮೈಸೂರಿನಿಂದಲೂ ಒಬ್ಬ ಅಧಿಕಾರಿ ಬರುತ್ತಾರಂತೆ. ಖೋಟಾ ಎಂದರೆ ಅವರು ಅಲ್ಲೇ ನನ್ನ ಸುಳ್ಳು ಹಿಡಿಯುತ್ತಾರೆ. ನಿಜ, ಆದರೆ ನಾನು ಚಲಾವಣೆಯ ಮಾತು ಆಡಿದ್ದು, ಅವನೇ ತಪ್ಪು ತಿಳಿದ ಎಂದರೆ ನನ್ನ ನೌಕರಿ ಉಳಿಯುತ್ತದೆ, ಮಾದಯ್ಯ ಒಳಗೆ ಹೋಗುತ್ತಾನೆ. ಹಾಗೆ ಹೇಳಿಬಿಡಬಹುದೆಂದು ಮನಸ್ಸಿಗೆ ಬಂತು. ಒಮ್ಮೆಯಲ್ಲ, ಹತ್ತು ಸಲ ಬಂತು.

ನನಗೆ ಭಯವಾಗಿದೆ. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಎದ್ದು ಹೋಗಿ ಬಾಗಿಲ ಅಗುಳಿ ಹಾಕುತ್ತೇನೆ. ಬೆಳಿಗ್ಗೆ ತರಗತಿಯಲ್ಲಿ ಹೆಚ್ಚು ಹೊತ್ತು ಹಲಗೆಯ ಕಡೆಗೇ ಮುಖ ಮಾಡಿ ಪಾಠ ಮುಗಿಸಿದೆ. ಪುಟ್ಟಮಾದಮ್ಮ ಎದುರಿನ ಬೆಂಚಿನಲ್ಲೇ ಕೂತಿದ್ದಳು, ಕಾಲಲ್ಲಿ ಹೊಸ ಗೆಜ್ಜೆ ಇರಲಿಲ್ಲ. ಅದನ್ನೂ ತೆಗೆದುಕೊಂಡು ಹೋಗಿದ್ದಾರೆ.

ಮಧ್ಯಾಹ್ನ ಅವಳ ತಾಯಿ ದೇವಿರಮ್ಮ ಬಂದಿದ್ದಳು. ಅಳಲಿಲ್ಲ, ಬೈಯಲಿಲ್ಲ. ಅದಾಗಿದ್ದರೆ ತಡೆದುಕೊಳ್ಳುತ್ತಿದ್ದೆ. "ನೀವು ಓದ್ದೋರು ಬುದ್ದಿ. ನಡೆಯಲ್ಲ ಅಂದಿದ್ರಲ್ಲ, ಅದ್ನೇ ಒಂದ್ ಮಾತ ಅಲ್ ಬಂದು ಯೋಳ್ಬುಡಿ. ನೀವ್ ಯೋಳುದ್ರೆ ಬುಟ್ಬುಡ್ತಾರೆ" ಎಂದಳು. ಬರುತ್ತೇನಮ್ಮ ಎಂದಷ್ಟೇ ಹೇಳಿ ಕಳಿಸಿದೆ.

ಅತ್ತೆಯವರಿಗೆ ನನ್ನ ನಮಸ್ಕಾರ. ಅವರಿಗೆ ಇದನ್ನೆಲ್ಲ ಓದಿ ಹೇಳಬೇಡ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರು ಮುಟ್ಟಬೇಡ. ಮಗುವಿಗೆ ನೂರು ವರ್ಷ ಆಯುಸ್ಸಿರಲಿ, ಅಪ್ಪನ ಪುಕ್ಕಲುತನ ಮಾತ್ರ ಅದಕ್ಕೆ ಬಾರದಿರಲಿ.

ನಿನ್ನ,
ಕಸ್ತೂರಿರಂಗ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಉಡುದಾರದ ಕಾಸು ನಮ್ಮ ಅಜ್ಜಿಯದಲ್ಲ. ನಾನು ನಡೆಯಲ್ಲ ಎಂದಾಗ ಮಾದಯ್ಯ ನಕ್ಕು, "ಅಂಗಾರೆ ಇದು ನಿಮ್ತಾವೇ ಇರ್ಲಿ, ಉಟ್ಟೋ ಮಗೀನ ಉಡ್ದಾರಕ್ಕಾಯ್ತದೆ" ಎಂದು ನನ್ನ ಅಂಗೈಯಲ್ಲಿಟ್ಟು ಹೋದ. ಹನ್ನೊಂದನೆಯದು ಅದೇ. ಅದಕ್ಕೆ ಕೊಂಡಿ ಬೆಸೆಸಿದ್ದು ನಾನೇ. ಅವನು ಯಾಕೆ ಬಾಯಿ ಬಿಡುತ್ತಿಲ್ಲವೆಂದು ದೇವಿರಮ್ಮ ಹೊರಡುವಾಗ ಹೇಳಿದಳು: "ಮಗೀನ ಮೈಮ್ಯಾಗಿರೋದ್ನ ಕಿತ್ತುಸ್ಬಾರ್ದು ಅಂತವ್ರೆ."

ಅವನು ಯಾವ ಅರ್ಥದಲ್ಲಿ ಕೇಳಿದನೆಂದು ನನಗೆ ಆಗಲೇ ಗೊತ್ತಿತ್ತು. ನಾಣ್ಯ ರೋಮಿನದು, ನಿಜವಾದದ್ದು ಎಂದೂ ಗೊತ್ತಿತ್ತು. ಹದಿನಾಲ್ಕು ವರ್ಷ ರೋಮಿನ ಪಾಠ ಮಾಡಿದವನಿಗೆ ಒಂದು ತನ್ನ ಹತ್ತಿರ ಇರಲಿ ಎಂದು ಆಸೆಯಾಯಿತು. ಶನಿವಾರ ಅಷ್ಟನ್ನೂ ಹೇಳುತ್ತೇನೆ. ಕಾಸು ನನ್ನ ಕೈಯಲ್ಲಿಲ್ಲದಿದ್ದರೆ ಮತ್ತೆ ಮಾತು ತಿರುಗಿಸುತ್ತೇನೇನೋ ಎಂದು ನನಗೇ ಹೆದರಿಕೆ. ಅದನ್ನು ಈಗಲೇ ಬಿಚ್ಚಿ, ನಾಳೆಯ ಮೊದಲ ಬಸ್ಸಿಗೆ ನಿನ್ನ ತಮ್ಮ ಸಂಪತ್ ಕುಮಾರನ ಕೈಲಿ ಕಳಿಸು. ಮಗುವಿನ ಸೊಂಟ ಯಾಕೆ ಬರಿದಾಯಿತೆಂದು ಅತ್ತೆಯವರು ಕೇಳಿದರೆ, ಅದು ನಡೆಯಲ್ಲ ಎಂದು ಹೇಳಬೇಡ. ನಮ್ಮದಲ್ಲ ಎಂದು ಹೇಳು.